ಎರಡು ದೀಪ, ಒಂದು ಗೆರೆ

ನಾನು ಬೆಳೆದದ್ದು ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಕಡೆ. ಈಗ ಇರುವುದು ಶಿಕಾಗೋದಲ್ಲಿ. ಇಲ್ಲಿ ಮಿಶಿಗನ್ ಸರೋವರ ನಮಗೆ ಪೂರ್ವಕ್ಕಿದೆ, ಸೂರ್ಯ ನೀರಿನಿಂದ ಏಳುತ್ತಾನೆ. ನೀರಿಗೆ ಇಳಿಯುವ ಸೂರ್ಯನನ್ನು ನೋಡಿ ಬೆಳೆದ ನನಗೆ ಅದು ಇನ್ನೂ ಒಗ್ಗಿಲ್ಲ. ಅದಕ್ಕೇ ಕಳೆದ ಅಕ್ಟೋಬರಿನಲ್ಲಿ ಮಗಳನ್ನು ಕರೆದುಕೊಂಡು ಆಚೆ ದಡದ ಸೇಂಟ್ ಜೋಸೆಫ್ ಊರಿಗೆ ಹೋದೆ.

ಅದೇ ಹೆಸರಿನ ನದಿ ಅಲ್ಲಿ ಸರೋವರ ಸೇರುತ್ತದೆ. ನಮ್ಮ ಕಡೆ ಇಂಥ ಜಾಗಕ್ಕೆ ಅಳಿವೆ ಅನ್ನುತ್ತೇವೆ. ಉತ್ತರದ ಕಟ್ಟೆ ನೀರೊಳಗೆ ಉದ್ದಕ್ಕೆ ಚಾಚಿದೆ, ಅದರ ಮೇಲೆ ಎರಡು ಲೈಟ್‌ಹೌಸ್. ತುದಿಯದು ಗಿಡ್ಡ, 1906ರದ್ದು. ಹಿಂದಿನದು ಎತ್ತರ, ಎಂಟು ಮೂಲೆಯದು, 1907ರದ್ದು. ಬಿಳಿ ಗೋಡೆ, ಕೆಂಪು ಮಾಡು.

"ಒಂದು ಸಾಕಲ್ವಾ ಅಪ್ಪ, ಎರಡು ಯಾಕೆ?" ಅಂದಳು ಮಗಳು.

ನನಗೆ ಅಜ್ಜ ನೆನಪಾದರು. ಮೀನು ಹಿಡಿದು ತಿರುಗಿ ಬರುವಾಗ ಅವರು ದಡದ ಒಂದು ತೆಂಗಿನಮರವನ್ನೂ ಹಿಂದಿನ ಗುಡ್ಡದ ತಲೆಯನ್ನೂ ಒಂದೇ ಗೆರೆಗೆ ತಂದು ದೋಣಿ ಬಿಡುತ್ತಿದ್ದರು. ಗೆರೆ ತಪ್ಪಿದರೆ ಹೂಳಿಗೆ ತಾಗಿ ದೋಣಿ ಮಗುಚುತ್ತದೆ. ಮಳೆಗಾಲ ಕಳೆದಾಗೆಲ್ಲ ಮರಳು ಜಾಗ ಬದಲಿಸುತ್ತಿತ್ತು, ಅಜ್ಜ ಮರ ಬದಲಿಸುತ್ತಿದ್ದರು.

ಇಲ್ಲಿಯದೂ ಅದೇ ಲೆಕ್ಕ. ಹಡಗಿನಿಂದ ನೋಡಿದಾಗ ಮುಂದಿನ ದೀಪದ ನೆತ್ತಿಯ ಮೇಲೇ ಹಿಂದಿನ ದೀಪ ಕಂಡರೆ ದಾರಿ ಸರಿ. ಅದು ಎಡಕ್ಕೋ ಬಲಕ್ಕೋ ಜಾರಿದರೆ ಹಡಗು ಗೆರೆ ಬಿಟ್ಟಿದೆ ಅಂತ ಅರ್ಥ.

ಗಾಳಿ ಜೋರಾಗಿತ್ತು. ಅಲೆಯೊಂದು ಕಟ್ಟೆ ಹತ್ತಿ ನಮ್ಮ ಕಾಲು ತೋಯಿಸಿತು. ನೀರು ಬಾಯಿಗೆ ಹಾರಿತು, ಉಪ್ಪಿಲ್ಲ! ತಲೆಯ ಮೇಲೆ ಕಬ್ಬಿಣದ ಕಾಲುದಾರಿ, ದಡದಿಂದ ದೀಪದವರೆಗೂ. ಅದರ ಕಂಬ ಮುಟ್ಟಿದೆ, ಕೈ ಮರಗಟ್ಟುವಷ್ಟು ತಣ್ಣಗಿತ್ತು. ಬಿರುಗಾಳಿಯಲ್ಲಿ ಕಟ್ಟೆ ಮುಳುಗಿದರೂ ದೀಪ ನೋಡಿಕೊಳ್ಳುವವನು ಆ ಕಾಲುದಾರಿ ಹಿಡಿದು ಹೋಗಲೇಬೇಕಿತ್ತು. ಹೋಗದಿದ್ದರೆ ಎಷ್ಟು ಅಜ್ಜಂದಿರು ಕತ್ತಲಲ್ಲಿ ಉಳಿಯುತ್ತಿದ್ದರೋ.

2005ರಲ್ಲಿ ಸರ್ಕಾರ ಇವುಗಳ ಕೆಲಸ ನಿಲ್ಲಿಸಿತು. ಊರಿನವರು ಬಿಡಲಿಲ್ಲ. ದುಡ್ಡು ಕೂಡಿಸಿ, ತುಕ್ಕು ಕೆರೆದು, ಬಣ್ಣ ಬಳಿದು ಉಳಿಸಿಕೊಂಡರು. ಅದನ್ನು ನೆನೆದರೆ ನನಗೆ ಇವತ್ತಿಗೂ ಖುಷಿ.

ವಾಪಸ್ ಬಂದು ಮರಳಿನ ಮೇಲೆ ನಿಂತೆವು. ಸೂರ್ಯ ನೀರಿಗೆ ಇಳಿಯುತ್ತಿದ್ದ, ಥೇಟ್ ನಮ್ಮೂರಿನ ಹಾಗೆ. ಮಗಳು ಒಂದು ಕಣ್ಣು ಮುಚ್ಚಿ ಕಟ್ಟೆಯ ಬುಡದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದ್ದಳು, ಗಿಡ್ಡ ದೀಪ ಪೂರ್ತಿ ದೊಡ್ಡದರ ಹಿಂದೆ ಮರೆಯಾಗುವವರೆಗೂ.

"ಅಪ್ಪ, ಇಲ್ಲಿ ಬಾ. ಇಲ್ಲಿಂದ ಸರಿಯಿದೆ."