ಮುಳ್ಳಿಲ್ಲದ ಮೀಟರು

ನಾನು ಹಾರಾಟ ಕಲಿತದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಸೆಸ್ನಾ 172 ಎಂಬ ಹಳೆಯ ಪುಟ್ಟ ವಿಮಾನದಲ್ಲಿ. ಕಣ್ಣೆದುರಿಗೆ ಆರು ದುಂಡು ಮೀಟರು, ಆರಕ್ಕೂ ಮುಳ್ಳೋ ಪುಟಾಣಿ ವಿಮಾನದ ಬೊಂಬೆಯೋ ಇರುತ್ತಿತ್ತು. ಅದೇ 172 ಈ ಮೀಟರುಗಳ ಬದಲು ಗಾರ್ಮಿನ್ ಜಿ1000 ಎಂಬ ಎರಡು ಕಂಪ್ಯೂಟರ್ ಪರದೆಗಳೊಂದಿಗೆ ಬಾಡಿಗೆಗೆ ಬೇಕೆಂದರೆ ಇನ್‌ಸ್ಟ್ರಕ್ಟರ್ ಜೊತೆ ಮತ್ತೆ ಹಾರಿ ಸೈ ಎನಿಸಿಕೊಳ್ಳಬೇಕು. ಹಗಲೆಲ್ಲ ಎರಡು ಮಾನಿಟರ್ ಮುಂದೆ ಕೂತು ಕೋಡ್ ಬರೆಯುವವನಿಗೆ ಇನ್ನೆರಡು ಪರದೆ ಯಾವ ಲೆಕ್ಕ ಅಂದುಕೊಂಡಿದ್ದೆ.

ಹಾಫ್ ಮೂನ್ ಬೇ ದಾಟಿ ಕಡಲಂಚಿನಲ್ಲಿ ದಕ್ಷಿಣಕ್ಕೆ ತಿರುಗಿದೆವು. "3,500 ಅಡಿ ಬಿಡಬೇಡ" ಎಂದರು ಇನ್‌ಸ್ಟ್ರಕ್ಟರ್. ಪರದೆಯ ಬಲಗಡೆಯ ಎತ್ತರದ ಪಟ್ಟಿಯಲ್ಲಿ 3,480 ಕಂಡಿತು, ಮೇಲೇರಲು ಹಿಡಿಕೆ ಎಳೆದೆ. 3,540 ಆಯಿತು, ತಳ್ಳಿದೆ. 3,460! ಹಳೆಯ ವಿಮಾನದಲ್ಲಿ ನಾನು ಅಂಕಿ ಓದುತ್ತಲೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಅಪ್ಪ ಸ್ಕೂಟರಿನ ಮೀಟರು ನೋಡುತ್ತಿದ್ದ ಹಾಗೆ, ಮುಳ್ಳು ಎತ್ತ ವಾಲಿದೆ ಎಂದಷ್ಟೇ ಕಣ್ಣಂಚಿನಲ್ಲಿ ನೋಡುತ್ತಿದ್ದೆ. ಪರದೆಯಲ್ಲೂ ಅದಕ್ಕೊಂದು ಉಪಾಯವಿದೆ. ಪಟ್ಟಿಯ ಪಕ್ಕದ ನೇರಳೆಗೆಂಪು ಗೆರೆ ಇನ್ನಾರು ಸೆಕೆಂಡಿಗೆ ಎಷ್ಟು ಎತ್ತರದಲ್ಲಿರುತ್ತೀರಿ ಎಂದು ತೋರಿಸುತ್ತದೆ. ಓದಿಕೊಂಡೇ ಬಂದಿದ್ದೆ, ನೋಡಲು ಪುರುಸೊತ್ತಾಗಬೇಕಲ್ಲ.

"ಅಲ್ಲೊಂದು ವಿಮಾನ ಇದೆ, ಕಂಡಿತಾ?" ಎಂದು ಕೇಳಿದರು. ನಾನು ಮ್ಯಾಪಿನ ಪರದೆಯಲ್ಲಿ ಹುಡುಕತೊಡಗಿದೆ. ಅವರು ನನ್ನ ಮೂಗಿನ ಮುಂದಿನಿಂದ ಕೈ ಚಾಚಿ ಎಡಗಿಟಕಿ ತೋರಿಸಿದರು. ಬಿಳಿ ರೆಕ್ಕೆ ಬರಿಗಣ್ಣಿಗೇ ಕಾಣುತ್ತಿತ್ತು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು: ಇಂಥ ಪರದೆಗಳಿದ್ದ ಸಣ್ಣ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆ, ಸಾವು ತಂದ ಅಪಘಾತಗಳ ಪ್ರಮಾಣ ಹೆಚ್ಚು. ಓದಿದಾಗ ವಿಚಿತ್ರ ಅನ್ನಿಸಿತ್ತು. ಆ ರೆಕ್ಕೆ ನೋಡಿದ ಮೇಲೆ ಅಷ್ಟೇನೂ ಅನ್ನಿಸಲಿಲ್ಲ.

ಆಮೇಲೆ ಅವರು ಎಡಪರದೆಯ ಬೆಳಕನ್ನು ಪೂರ್ತಿ ಇಳಿಸಿ "ಇದು ಕೆಟ್ಟಿತು, ಈಗ?" ಎಂದರು. ಕೆಂಪು ಗುಂಡಿ ಒತ್ತಬೇಕೆಂದು ನೆನಪಾಗಲು ನಾಲ್ಕು ಉಸಿರು ಹಿಡಿಯಿತು. ಒತ್ತಿದ್ದೇ ತಡ, ಅಷ್ಟೂ ಮಾಹಿತಿ ಬಲಪರದೆಗೆ ಬಂತು. ಅದನ್ನೂ ಕತ್ತಲಾಗಿಸಿದರು.

ಉಳಿದದ್ದು ಕೆಳಗೆ ಮೂಲೆಪಾಲಾದಂತಿದ್ದ ಮೂರು ಪುಟ್ಟ ದುಂಡು ಮೀಟರು: ವೇಗ, ವಾಲುವಿಕೆ, ಎತ್ತರ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕಂತಾಯಿತು. ಕೈ ತಾನಾಗಿ ಸಡಿಲವಾಯಿತು, ಕಣ್ಣು ಹೊರಗಿನ ದಿಗಂತಕ್ಕೆ ಹೋಯಿತು. ಎತ್ತರದ ಮುಳ್ಳು 3,500ರ ಹತ್ತಿರವೇ ನಿಂತಿತು.

"ಇಷ್ಟು ಹೊತ್ತು ಈ ಕೈಯನ್ನು ಎಲ್ಲಿಟ್ಟಿದ್ದೆ?" ಎಂದರು. ಅಂದು ಒಪ್ಪಿಗೆಯ ಸಹಿಯನ್ನೇನೂ ಹಾಕಲಿಲ್ಲ. ಅದಕ್ಕೆ ಇನ್ನೆರಡು ಹಾರಾಟ ಬೇಕಾದವು.