ಕೈರುವಾನ್‌ನಲ್ಲಿ ಸಾಗುವಾನಿ

14 ನವೆಂಬರ್ 2023, ಮಂಗಳವಾರ, ಕೈರುವಾನ್

ಊರಲ್ಲಿ ಇವತ್ತು ಬಲಿಪಾಡ್ಯಮಿ. ನನಗಿಲ್ಲಿ ಕಾಲು ನೋವು. ಟ್ಯುನೀಶಿಯಾದ ರಾಜಧಾನಿ ಟ್ಯುನಿಸ್‌ನಿಂದ ಲುವಾಜ್ ಅನ್ನುವ ಶೇರ್ ವ್ಯಾನಿನಲ್ಲಿ ಒತ್ತಿಕೊಂಡು ಬಂದದ್ದು, ರೂಮು ಹುಡುಕಿದ್ದು ಇದನ್ನೆಲ್ಲ ಬರೆಯುವಷ್ಟು ತಾಳ್ಮೆ ಇಲ್ಲ. ಇಲ್ಲಿನ ದೊಡ್ಡ ಮಸೀದಿಯದ್ದಷ್ಟು ಬರೆದು ಮಲಗುತ್ತೇನೆ.

ಹೊರಗಿನಿಂದ ಅದು ಕೋಟೆಯೇ. ದಪ್ಪ ಗೋಡೆ, ಸಣ್ಣ ಬಾಗಿಲು. 670ರಲ್ಲಿ ಅರಬ್ ಸೇನಾಪತಿ ಉಕ್ಬಾ ಇಬ್ನ್ ನಾಫಿ ಈ ಊರು ಕಟ್ಟಿದಾಗ ಮೊದಲ ಮಸೀದಿ ಎದ್ದಿತು. ಈಗ ಕಾಣುವುದು ಹೆಚ್ಚಿನಂಶ 836ರಿಂದೀಚೆಗೆ ಇಲ್ಲಿ ಆಳಿದ ಅಗ್ಲಬಿ ದೊರೆಗಳು ಕಟ್ಟಿಸಿದ್ದು. ದುಪಟ್ಟಾ ತಲೆಗೆ ಎಳೆದುಕೊಂಡು ಒಳಗೆ ಹೋದೆ.

ಅಂಗಳ ನೋಡಿ ಸುಮ್ನೆ ನಿಂತುಬಿಟ್ಟೆ. ಎಷ್ಟೊಂದು ಬಿಸಿಲು, ಎಷ್ಟೊಂದು ಜಾಗ! ನೆಲ ಗೊತ್ತಾಗದ ಹಾಗೆ ಒಂದು ಕಡೆಗೆ ಇಳಿಜಾರಾಗಿದೆ. ಮಳೆ ನೀರೆಲ್ಲ ಒಂದು ಅಮೃತಶಿಲೆಯ ತೂಬಿಗೆ ಹರಿಯುತ್ತದೆ. ಅದರ ಸುತ್ತ ಕೊರೆದ ಬಳುಕು ಮೆಟ್ಟಿಲುಗಳಲ್ಲಿ ಮಣ್ಣು ತಂಗಿ, ತಿಳಿನೀರು ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಪಕ್ಕದಲ್ಲಿ ಬಾವಿಯ ಬಾಯಿಗಳು. ಹಳೇ ಕಂಬಗಳ ಪೀಠವನ್ನೇ ಟೊಳ್ಳು ಮಾಡಿ ಇಟ್ಟಿದ್ದಾರೆ. ಹಗ್ಗ ಉಜ್ಜಿದ ಗೀರಿನೊಳಗೆ ನನ್ನ ಬೆರಳು ಪೂರ್ತಿ ಮುಳುಗಿತು.

ಪ್ರಾರ್ಥನೆಯ ಹಜಾರಕ್ಕೆ ಮುಸ್ಲಿಮರಲ್ಲದವರು ಹೋಗುವಂತಿಲ್ಲ. ಬಾಗಿಲಲ್ಲೇ ನಿಂತು ನೋಡಬೇಕು. ಅಂಗಳ, ಹಜಾರ ಎಲ್ಲ ಸೇರಿ 400ಕ್ಕೂ ಜಾಸ್ತಿ ಕಂಬಗಳು. ರೋಮನ್ನರ, ಬೈಜಾಂಟಿನರ ಪಾಳುಕಟ್ಟಡಗಳಿಂದ ತಂದವು, ಹಾಗಾಗಿ ಒಂದರ ತಲೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎಣಿಸಿದರೆ ಕಣ್ಣು ಹೋಗುತ್ತದೆ ಅಂತ ಇಲ್ಲಿಯವರ ಮಾತು. ನಾನು ಎಣಿಸಲಿಲ್ಲ, ಯಾಕೆ ಬೇಕು.

ಬಾಗಿಲ ಬಳಿ ಕುಳಿತಿದ್ದ ಮುದುಕರು "ಹಿಂದ್?" ಅಂದರು. ಹೌದೆಂದೆ. ಕೈಹಿಡಿದು ಎಳೆಯುವಷ್ಟು ಉತ್ಸಾಹದಿಂದ ಒಳಗಿನ ಮಿನ್‌ಬರ್ ತೋರಿಸಿ, ಮತ್ತೆ ನನ್ನ ಕಡೆ ಬೆರಳು ಮಾಡಿ "ಹಿಂದ್, ಹಿಂದ್" ಅಂತ ನಕ್ಕರು. ಇಮಾಮರು ಹತ್ತಿ ನಿಂತು ಮಾತಾಡುವ ಮೆಟ್ಟಿಲ ಪೀಠ ಅದು. 862ರ ಸುಮಾರಿನದ್ದು, ಉಳಿದಿರುವ ಮಿನ್‌ಬರ್‌ಗಳಲ್ಲೇ ಹಳೆಯದು. 11 ಮೆಟ್ಟಿಲು, ಕೆತ್ತಿದ ಮುನ್ನೂರಕ್ಕೂ ಹೆಚ್ಚು ತುಂಡುಗಳು. ಎಲ್ಲ ನಮ್ಮ ದೇಶದಿಂದ ಹೋದ ಸಾಗುವಾನಿ. ಮರಕ್ಕೆ ಒಳಗೆ ಜಾಗ ಇದೆ, ನನಗಿಲ್ಲ! ಅದನ್ನು ಅವರಿಗೆ ಹೇಳೋಣವೆಂದರೆ ಭಾಷೆ ಬರಲಿಲ್ಲ.

ಸಂಜೆ ಅಪ್ಪನಿಗೆ ಫೋನು ಮಾಡಿದೆ. ಹಬ್ಬದ ಊಟ ಏನು ಅಂತ ಕೇಳುವ ಮೊದಲೇ ಇದನ್ನು ಹೇಳಿಬಿಟ್ಟೆ. ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಶುರುವಾಯಿತು.

"ಗೆದ್ದಲು ಹತ್ತಿಲ್ವಾ?"

"ಹತ್ತಿದ ಹಾಗೆ ಕಾಣಲಿಲ್ಲ."

"ಹತ್ತಲ್ಲ. ಅದರಲ್ಲಿ ಎಣ್ಣೆ ಇರ್ತದೆ. ಆದರೆ ಹೊರಸುತ್ತಿನ ಬಿಳಿ ಮರ ಪೂರಾ ತೆಗೆದು ಒಳಗಿನ ತಿರುಳು ಮಾತ್ರ ಹಾಕಿರಬೇಕು. ಬಿಳಿ ಬಿಟ್ಟಿದ್ರೆ ಯಾವತ್ತೋ ಪುಡಿ ಆಗ್ತಿತ್ತು. ಕೆತ್ತನೆ ಎಂಥದು?"

ಕೆಲವು ಬಳ್ಳಿ, ಎಲೆ. ಕೆಲವು ಬರೀ ಗೆರೆಗಳ ಜಾಲ ಅಂದೆ. ಫೋಟೋ ಕಳಿಸಿದೆ, ದೂರದಿಂದ ಹಿಗ್ಗಿಸಿ ತೆಗೆದದ್ದು, ಮಸುಕು. "ಹತ್ರ ಹೋಗಿ ತೆಗೀಬಾರ್ದಾ? ಮುಟ್ಟಿ ನೋಡಿದ್ಯಾ?" ಬಿಡುವುದಿಲ್ಲ ಅಂದರೆ, "ಮತ್ತೆ ಅಷ್ಟು ದೂರ ಹೋಗಿದ್ದು ಯಾತಕ್ಕೆ?"

ನನಗೆ ಸಿಟ್ಟು ಬಂತು. ನಗುವೂ ಬಂತು. ಜೀವನಪೂರ್ತಿ ಬೇರೆಯವರ ಮನೆ ಬಾಗಿಲು ಮಾಡಿದ ಮನುಷ್ಯ, ಬೆರಳು ಆಡಿಸದೆ ಯಾವ ಮರವನ್ನೂ ನಂಬುವುದಿಲ್ಲ.

ಆಮೇಲೆ ಅಣ್ಣ ಫೋನು ತೆಗೆದುಕೊಂಡ. ಅಟ್ಟದ ಮೇಲಿನ ಸಾಗುವಾನಿ ಹಲಗೆಗಳಿಗೆ ಗಿರಾಕಿ ಬಂದಿದ್ದಾನಂತೆ, ಒಳ್ಳೆ ರೇಟು. ಅಪ್ಪನಿಗೆ ಇನ್ನೂ ಹೇಳಿಲ್ಲ. ದಾಂಡೇಲಿ ಡಿಪೋದಿಂದ ಆರಿಸಿ ತಂದು, ನನಗೆ ಮಂಚ ಮಾಡಿಕೊಡುತ್ತೇನೆ ಅಂತ ಇಟ್ಟ ಹಲಗೆಗಳು ಅವು. ಈಗ ಅಪ್ಪನ ಕೈ ನಡುಗುತ್ತದೆ, ಉಳಿ ಹಿಡಿಯೋಕಾಗಲ್ಲ. ಅಣ್ಣ ಹೇಳುವುದರಲ್ಲಿ ತಪ್ಪೇನಿಲ್ಲ. ನಾನಿರುವುದು ಬಾಡಿಗೆ ಮನೆಯಲ್ಲಿ, ಮಂಚ ಎಲ್ಲಿಡಲಿ?

"ನೀನೇ ಕೇಳು, ನೀನು ಹೇಳಿದ್ರೆ ಒಪ್ತಾರೆ" ಅಂದ. ನಾಳೆ ಬೆಳಿಗ್ಗೆ ಮಾಡುತ್ತೇನೆ ಅಂದಿದ್ದೇನೆ. ಆದರೆ ಇವತ್ತು ಇಷ್ಟೆಲ್ಲ ಮಾತಾಡಿದ ಮೇಲೆ ನಾಳೆ ಯಾವ ಬಾಯಲ್ಲಿ