ಮೀನು ಮಾಂಸವಲ್ಲವೇ?

ಅಲ್ಲ.

ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಆದರೆ ಈ ಪ್ರಶ್ನೆ ಕೇಳುವವರು ಉತ್ತರ ಸಿಕ್ಕಿತೆಂದು ಸುಮ್ಮನಾಗುವ ಜನವಲ್ಲ. ಹೋದ ವರ್ಷದ ತೆಂಗಿನ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಚರ್ಚಿನಲ್ಲಿ ಗುರುಗಳು ಕಥೋಲಿಕರಾದ ನಮ್ಮ ಹಣೆಗೆ ಇಡುತ್ತಾರೆ, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುತ್ತದೆ. ಬೂದಿ ಬುಧವಾರದ ಆ ದಿನ ಕಚೇರಿಯಲ್ಲಿ ‘ಹಣೆಗೆ ಏನೋ ಮಸಿ ಹತ್ತಿದೆ ನೋಡಿ’ ಎಂದು ಕರವಸ್ತ್ರ ಕೊಡುವವರು ಇಬ್ಬರಾದರೂ ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಅದಾದ ಮೊದಲ ಶುಕ್ರವಾರ, ಊಟದ ಡಬ್ಬಿ ತೆರೆದಾಗ.

‘ಓಹೋ, ಉಪವಾಸವೇ? ನಿಮ್ಮಲ್ಲೂ ಇದೆಯೇ? ಆದರೆ ಮೀನು ತಿನ್ನಬಹುದಂತಲ್ಲ?’

ಆ ‘ಅಂತಲ್ಲ’ವನ್ನು ಗಮನಿಸಿ. ಅದು ತಿಳಿದುಕೊಳ್ಳಲು ಕೇಳಿದ ಪ್ರಶ್ನೆಯಲ್ಲ. ಕಳ್ಳ ಸಿಕ್ಕಿಬಿದ್ದಾಗ ಪೊಲೀಸರು ‘ನಿನ್ನೆ ರಾತ್ರಿ ಊರಲ್ಲೇ ಇದ್ದೆಯಂತಲ್ಲ’ ಎನ್ನುವ ಧಾಟಿ. ನನ್ನ ಡಬ್ಬಿಯಲ್ಲಿರುವುದು ಚಪಾತಿ ಮತ್ತು ಹೀರೇಕಾಯಿ ಪಲ್ಯ. ಮೀನು ಅಲ್ಲಿ ಇಲ್ಲವೇ ಇಲ್ಲ. ಆದರೂ ಇರದ ಮೀನಿಗೆ ನಾನು ಜವಾಬು ಕೊಡಬೇಕು.

ಸರಿ, ಕೊಡುತ್ತೇನೆ, ಒಂದೇ ಸಲ. ನಮ್ಮ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ 14 ವರ್ಷ ತುಂಬಿದವರು ಶುಕ್ರವಾರಗಳಂದು ಮಾಂಸ ಬಿಡಬೇಕು. 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವೂ ಇದೆ. ಉಪವಾಸವೆಂದರೆ ಒಂದು ಹೊತ್ತು ಹೊಟ್ಟೆ ತುಂಬ, ಉಳಿದ ಹೊತ್ತು ಅಲ್ಪಸ್ವಲ್ಪ. ನಲವತ್ತು ದಿನವೂ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದು ಅವರವರ ಹರಕೆ. ಇನ್ನು ಮಾಂಸವೆಂದು ಆ ಲ್ಯಾಟಿನ್ ಕಾನೂನು ಹೇಳುವುದು ನೆಲದ ಮೇಲಿನ ಪ್ರಾಣಿಗಳ, ಹಕ್ಕಿಗಳ ಮಾಂಸವನ್ನು. ಇದರಲ್ಲಿ ಅಂಥ ಗಹನವೇನಿದೆ? ನಿಮ್ಮ ಮನೆಯಲ್ಲಿ ‘ಒಂದು ಕೇಜಿ ಬಾಡು ತನ್ನಿ’ ಎಂದು ಹೇಳಿ ಕಳಿಸಿದರೆ ನೀವು ಬಂಗುಡೆ ತರುತ್ತೀರಾ? ತಂದರೆ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಾರೆಯೇ? ಬಾಡು ಬೇರೆ, ಮೀನು ಬೇರೆ ಎಂಬುದು ನಿಮಗೂ ಗೊತ್ತು. ನನ್ನ ಡಬ್ಬಿಯ ಮುಂದೆ ಕೂತಾಗ ಮಾತ್ರ ಮರೆತುಹೋಗುತ್ತದೆ.

ನಿಯಮದ ಸಂದಿಯಲ್ಲಿ ನುಸುಳುವವರು ನಮ್ಮಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಶುಕ್ರವಾರ ಕಾಣೆ ಫ್ರೈ, ಸೀಗಡಿ ಸುಕ್ಕ ತಿಂದು ಹೊಟ್ಟೆ ಸವರಿಕೊಳ್ಳುತ್ತಾ ‘ಇವತ್ತು ಮಾಂಸವಿಲ್ಲ’ ಎನ್ನುವ ಮಹನೀಯರು ನನ್ನ ಬಂಧುಗಳಲ್ಲೇ ಇದ್ದಾರೆ. ವೆನೆಜುವೆಲಾದಲ್ಲಿ ಕಾಪಿಬರಾ ಎಂಬ ಪ್ರಾಣಿಯಿದೆ. ಇಲಿಯ ಜಾತಿ, ಕುರಿಯ ಗಾತ್ರ. ಅದು ನೀರಿನಲ್ಲಿ ಈಜುತ್ತದೆ ಎಂಬ ಕಾರಣಕ್ಕೆ ಅಲ್ಲಿನವರು ಅದನ್ನು ಮೀನಿನ ಲೆಕ್ಕಕ್ಕೆ ಸೇರಿಸಿ ತಪಸ್ಸುಕಾಲದಲ್ಲಿ ಧಾರಾಳವಾಗಿ ತಿನ್ನುತ್ತಾರೆ. ಏಕಾದಶಿಯಂದು ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು, ಒಂದು ತಟ್ಟೆ ಅವಲಕ್ಕಿ, ನಾಲ್ಕು ಬಾಳೆಹಣ್ಣು ಮುಗಿಸುವವರು ಕಾಪಿಬರಾವನ್ನು ಕಂಡು ನಗುವುದು ಬೇಡ. ನಾನೂ ನಗುವುದಿಲ್ಲ, ಲೆಕ್ಕ ಸರಿಹೋಯಿತು.

ನನ್ನ ಮಟ್ಟಿಗೆ ಈ ಮೀನಿನ ಚರಿತ್ರೆಯೇ ಬೇರೆ. ನಮ್ಮ ಅಜ್ಜಿ ಹಾಸನದ ಕಡೆಯವರು. ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ, ಅದೇ ಸೀಮೆ. (ಕೆಲವರು ಅದರ ಮುಂದೆ ಮದುವೆಯ ಫೋಟೊ ತೆಗೆಸಿಕೊಂಡೂ ಇರುತ್ತೀರಿ. ಮಳೆಗಾಲದಲ್ಲಿ ನೋಡಿದವರಿಗೆ ಅದು ಮುಳುಗಿದ ಚರ್ಚ್. ನಮ್ಮ ತಪಸ್ಸುಕಾಲ ಮುಗಿಯುವ ಹೊತ್ತಿಗೆ ನೀರು ಇಳಿದು ಬುಡದ ತನಕ ಒಣನೆಲದ ಮೇಲೆ ನಿಂತಿರುತ್ತದೆ.) ಆ ಸೀಮೆಯ ನಮ್ಮ ಹಳ್ಳಿಯಲ್ಲಿ ಸಮುದ್ರದ ಮೀನೆಂದರೆ ಸಂತೆಯ ಒಣಮೀನು ಮಾತ್ರ. ಅಟ್ಟದ ಕೆಳಗೆ ತೂಗುಹಾಕಿದ ಚೀಲದಿಂದ ಎರಡೇ ಎರಡು ತೆಗೆದು ಕೆಂಡದ ಮೇಲೆ ಸುಟ್ಟು, ತಲೆ ಮುರಿದು ಬೆಕ್ಕಿಗೆ ಹಾಕಿ, ಉಳಿದುದನ್ನು ಐದು ತಟ್ಟೆಗೆ ಹಂಚುತ್ತಿದ್ದರು. ಅದು ಮುದ್ದೆ ಗಂಟಲಲ್ಲಿ ಇಳಿಯಲಿ ಎಂದು ನೆಂಚಿಕೊಳ್ಳಲು. ಕೋಳಿ ಕುಯ್ಯುತ್ತಿದ್ದದ್ದು ಹಬ್ಬಕ್ಕೆ, ನೆಂಟರಿಗೆ. ಒಣಮೀನು ಬಡವರ ಉಪ್ಪಿನಕಾಯಿ. ಮಾಂಸ ಬಿಟ್ಟು ಮೀನು ತಿಂದೆವು ಎನ್ನುವುದು ಅಲ್ಲಿ ಯಾರೂ ಕೊಚ್ಚಿಕೊಳ್ಳುವ ಮಾತೂ ಆಗಿರಲಿಲ್ಲ, ನಾಚಿಕೊಳ್ಳುವ ಮಾತೂ ಆಗಿರಲಿಲ್ಲ.

ಅಜ್ಜಿಯ ಬಾಯಲ್ಲಿ ‘ತಪಸ್ಸುಕಾಲ’ ಎಂಬ ಪದವೇ ಬರುತ್ತಿರಲಿಲ್ಲ. ಅದು ಪೂಜೆಯ ಪುಸ್ತಕದ್ದು. ಅವರು ‘ಒಪ್ಪತ್ತು ಬಂತು’ ಎನ್ನುತ್ತಿದ್ದರು. ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ಒಂದು ಮುದ್ದೆ, ಹುರುಳಿ ಸಾರು. ರಾತ್ರಿ ಒಂದು ಲೋಟ ಮಜ್ಜಿಗೆ. 59 ತುಂಬಿದ ಮೇಲೆ ಬೇಕಾಗಿಲ್ಲವಂತೆ ಎಂದು ನಾನು ಕಾನೂನು ಓದಿ ಹೇಳಿದಾಗ, ‘ನನ್ನ ಹೊಟ್ಟೆಗೆ ವಯಸ್ಸು ಗೊತ್ತಿಲ್ಲ’ ಎಂದು ಮುದ್ದೆ ತಿರುವುವುದನ್ನು ಮುಂದುವರಿಸಿದರು.

ಒಪ್ಪತ್ತು. ಈ ಒಂದು ಮಾತು ನೆನಪಿದ್ದರೆ ನೀವು ಮೀನಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದು ನನಗೆ ಖಚಿತವಾದದ್ದು 2026ರ ಹೊಸತೊಡಕಿನ ದಿನ.

ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮಂಡ್ಯದ ಕಡೆಯವರು. ಯುಗಾದಿಯ ಮರುದಿನ ಅವರ ಮನೆಯ ಬಾಡೂಟಕ್ಕೆ ನಮಗೆ ಖಾಯಂ ಕರೆ. ತೊಂದರೆಯೆಂದರೆ, ಯುಗಾದಿ ಹೆಚ್ಚಿನ ವರ್ಷಗಳಲ್ಲಿ ತಪಸ್ಸುಕಾಲದ ನಡುವೆಯೇ ಬಂದು ಕೂರುತ್ತದೆ. ‘ನಿಮ್ಮ ಈಸ್ಟರ್ ಯಾಕೆ ವರ್ಷವರ್ಷವೂ ದಿನ ಬದಲಾಯಿಸುತ್ತದೆ’ ಎಂದು, ಗೋಡೆಗೆ ಪಂಚಾಂಗದ ಕ್ಯಾಲೆಂಡರ್ ನೇತುಹಾಕಿಕೊಂಡವರೇ ಕೇಳುತ್ತಾರಲ್ಲ, ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ: ನಿಮ್ಮ ಹಬ್ಬವನ್ನು ಓಡಾಡಿಸುವ ಚಂದ್ರನೇ ನಮ್ಮದನ್ನೂ ಓಡಾಡಿಸುತ್ತಾನೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೇಲಿನ ಮೊದಲ ಭಾನುವಾರ ಪಾಸ್ಖ ಹಬ್ಬ, ಅಂದರೆ ಈಸ್ಟರ್. ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗಲಾದರೂ ಬೀಳಬಹುದು. 2025ರಲ್ಲಿ ಏಪ್ರಿಲ್ 12ರ ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಕರಗ ಹೊರಟಿತು. ಬೆಳಗಾದರೆ, ಈಸ್ಟರ್‌ಗೆ ಒಂದು ವಾರ ಮುಂಚಿನ ನಮ್ಮ ಗರಿಗಳ ಭಾನುವಾರ. 2024ರಲ್ಲಿ ಮಾತ್ರ ಈಸ್ಟರ್ ಮಾರ್ಚ್ 31ಕ್ಕೇ ಮುಗಿದು, ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಆ ಹೊಸತೊಡಕಿಗೆ ನಾನು ಎರಡು ಸಲ ಬಡಿಸಿಕೊಂಡು ತಿಂದೆ, ಮೂರನೆಯದಕ್ಕೆ ನಮ್ಮ ಯಜಮಾನರು ಕಣ್ಣು ಬಿಟ್ಟರು.

2026ರಲ್ಲಿ ಯುಗಾದಿ ಮಾರ್ಚ್ 19, ಗುರುವಾರ. ಹೊಸತೊಡಕು ಶುಕ್ರವಾರ. ತಪಸ್ಸುಕಾಲದ ಶುಕ್ರವಾರ! ಕರೆಯಲು ಬಂದ ಆ ಮನೆಯ ಮಗನಿಗೆ ಆಗುವುದಿಲ್ಲ ಎಂದೆ. ಅವನು ನಂಬಲಿಲ್ಲ. ‘ಕ್ರಿಶ್ಚಿಯನ್ನರು ಮಟನ್ ಬೇಡ ಎನ್ನುವುದೇ?’ ಎಂದು ಜೋರಾಗಿ ನಕ್ಕ. ಅವನ ಬಾವಮೈದ ಒಳಗಿನಿಂದಲೇ ಕೂಗಿದ: ‘ಮೀನು ತಿನ್ನಬಹುದಂತಲ್ಲ! ಮೊದಲೇ ಹೇಳಿದ್ದರೆ ತರಿಸುತ್ತಿದ್ದೆವು!’ ಇಬ್ಬರೂ ಒಳ್ಳೆಯವರು. ಎರಡೂ ಮಾತು ಪ್ರೀತಿಯಿಂದಲೇ ಬಂದದ್ದು. ಆದರೂ ನನ್ನ ಕಿವಿ ಬಿಸಿಯಾಯಿತು. ನಿಯಮವನ್ನು ಇನ್ನೊಮ್ಮೆ ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ, ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ಅವರ ಅಜ್ಜಿ ನನ್ನ ಕಡೆ ತಿರುಗಿ ಕೇಳಿದರು:

‘ಏನಮ್ಮ, ಒಪ್ಪತ್ತೇ?’

‘ಹೌದು ಅಜ್ಜಿ.’

‘ಹಾಗಾದರೆ ಬಾ ಇಲ್ಲಿ.’

ಮುಗಿಯಿತು. ಯಾರಿಗಾಗಿ, ಎಷ್ಟು ದಿನ, ಏನು ತಿನ್ನಬಹುದು, ಏನು ತಿನ್ನಬಾರದು, ಒಂದೂ ಇಲ್ಲ. ಆಮೇಲೆ ತಿಳಿಯಿತು, ಅಜ್ಜಿಯೂ ಅಂದು ಬಾಡು ಮುಟ್ಟುವವರಲ್ಲ, ಶುಕ್ರವಾರವಲ್ಲವೇ. ಹೊಸತೊಡಕಿಗೆ ವಾರ ನೋಡಬಾರದು ಎಂಬುದು ಮಗನ ವಾದ, ಅದಕ್ಕೆ ಅವರು ಅಡ್ಡ ಬಂದಿರಲಿಲ್ಲ, ಅಷ್ಟೆ. ಒಳಗೆ ಕುಕ್ಕರ್ ಮೂರು, ನಾಲ್ಕು ಎಂದು ಕೂಗುತ್ತಿತ್ತು. ನಾವಿಬ್ಬರೂ ಹಿಂದಿನ ದಿನದ ಒಬ್ಬಟ್ಟು ತಿಂದು, ಅನ್ನಕ್ಕೆ ಒಬ್ಬಟ್ಟಿನ ಸಾರು ಹಾಕಿಕೊಂಡೆವು. ಆ ಸಾರು ಎರಡನೆಯ ದಿನಕ್ಕೇ ರುಚಿ, ಇದರಲ್ಲಿ ಮಾತ್ರ ಚರ್ಚೆಗೆ ಜಾಗವಿಲ್ಲ.

ಇಷ್ಟು ಹೇಳಿದ ಮೇಲೂ ಇನ್ನೊಂದು ಹೊಟ್ಟೆಯುರಿ ಉಳಿದಿದೆ. ಜನಕ್ಕೆ ನಮ್ಮ ಶುಕ್ರವಾರದ ಊಟ ಬೇಕು, ಭಾನುವಾರದ ಊಟ ಬೇಕು. ಶುಭ ಶುಕ್ರವಾರ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ಮೊಬೈಲಿಗೆ ಬರುತ್ತದೆ (ಸಾವಿನ ಮನೆಗೆ ಹೋಗಿ ಶುಭಾಶಯ ಹೇಳಿದಂತೆ, ಆದರೂ ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತೇನೆ). ಭಾನುವಾರ ‘ಬಿರಿಯಾನಿ ಎಲ್ಲಿ’ ಎಂದು ಬರುತ್ತದೆ. ಇವೆರಡರ ನಡುವೆ ಒಂದು ಶನಿವಾರವಿದೆ. ಆ ದಿನ ನೀವು ಏನು ಮಾಡುತ್ತೀರಿ ಎಂದು ಕಚೇರಿಯಲ್ಲಿ ಈ ತನಕ ಒಬ್ಬರೂ ಕೇಳಿಲ್ಲ.

ಕಸ ಗುಡಿಸುತ್ತೇವೆ.

ನಿಜವಾಗಿ. ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮಾಗೀತೆಯಾದ ಮೇಲೆ ಗಂಟೆಗಳ ಬಾಯಿ ಕಟ್ಟುತ್ತದೆ. ಶನಿವಾರ ರಾತ್ರಿಯ ಪೂಜೆಯಲ್ಲಿ ಆ ಗೀತೆಯನ್ನು ಮತ್ತೆ ಹಾಡುವವರೆಗೆ ಅವು ಮಾತಾಡುವುದಿಲ್ಲ. ಬದಲಿಗೆ ಮರದ ಹಲಗೆಯ ಕಟಕಟ ಸದ್ದು. ಗುರುವಾರವೇ ಬಲಿಪೀಠದ ಬಟ್ಟೆ ತೆಗೆದು ಬರಿದು ಮಾಡಿರುತ್ತಾರೆ. ಶುಕ್ರವಾರ ಪೂಜೆಯೇ ಇಲ್ಲ. ವರ್ಷವಿಡೀ ಉರಿಯುವ ನಂದಾದೀಪ ಆರಿರುತ್ತದೆ. ಶನಿವಾರ ಬೆಳಿಗ್ಗೆ ಒಳಗೆ ಕಾಲಿಟ್ಟರೆ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ, ಒಳಗೆ ಏನೂ ಇಲ್ಲ. ಬಾಗಿಲ ಬಳಿಯ ತೀರ್ಥದ ಕಲ್ಲುಬಟ್ಟಲಿಗೆ ಅಭ್ಯಾಸಬಲದಿಂದ ಬೆರಳು ಅದ್ದಿದರೆ ಒಣಕಲ್ಲು, ಬೆರಳ ತುದಿಗೆ ಧೂಳು. ಮೊಣಕಾಲು ಪೆಟ್ಟಿಗೆಯ ಕಡೆಗೇ ಬಾಗಲು ಹೋಗುತ್ತದೆ. ಅಂದು ಬಾಗಬೇಕಾದದ್ದು ಶಿಲುಬೆಗೆ. ಪ್ರತಿ ವರ್ಷವೂ ನಾನು ಅರ್ಧ ಬಾಗಿ, ನೆನಪಾಗಿ, ದಿಕ್ಕು ತಿರುಗಿಸುತ್ತೇನೆ.

ಆಮೇಲೆ ಕೆಲಸ. ಗುರುವಾರ ರಾತ್ರಿಯ ಆರಾಧನೆಗೆ ಹಚ್ಚಿದ ಮೇಣದ ಬತ್ತಿಗಳು ನೆಲದ ತುಂಬ ಕರಗಿ ಹರಿದಿರುತ್ತವೆ. ಅದನ್ನು ಕೆರೆಯಲು ಅವಧಿ ಮುಗಿದ ಎಟಿಎಂ ಕಾರ್ಡಿಗಿಂತ ಒಳ್ಳೆಯ ಸಾಧನ ಇನ್ನೂ ಹುಟ್ಟಿಲ್ಲ. ಚಾಕು ಕಲ್ಲಿಗೆ ಗೀರು ಹಾಕುತ್ತದೆ. ಕಾರ್ಡನ್ನು ಓರೆಯಾಗಿ ಹಿಡಿದು ತಳ್ಳಿದರೆ ಮೇಣ ಸುರುಳಿಸುರುಳಿಯಾಗಿ ಏಳುತ್ತದೆ. ನಮ್ಮ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರು ಭಾಷೆಗಳ ಪೂಜೆಯಿದೆ, ಯಾವ ಪೂಜೆ ಎಷ್ಟು ಗಂಟೆಗೆ ಎಂಬ ಜಗಳವೂ ಇದೆ. ಮೇಣ ಕೆರೆಯುವ ದಿನ ಮಾತ್ರ ಯಾರೂ ಭಾಷೆ ಎತ್ತುವುದಿಲ್ಲ. ಅಂದು ಮಾತೇ ಕಡಿಮೆ. ಹೊರಗೆ ಗಂಡಸರು ರಾತ್ರಿಯ ಬೆಂಕಿಗೆ ಸೌದೆ ಒಟ್ಟುತ್ತಿರುತ್ತಾರೆ. ಆ ಬೆಂಕಿಯಿಂದ ಪಾಸ್ಖ ದೀಪ, ಕತ್ತಲ ಚರ್ಚಿನೊಳಗೆ ಅದರಿಂದ ನೂರಾರು ಸಣ್ಣ ಬತ್ತಿಗಳು. ಆ ಹೊತ್ತು ಸುಂದರ, ಅದನ್ನು ಎಲ್ಲರೂ ವರ್ಣಿಸುತ್ತಾರೆ, ಫೋಟೊ ಹಾಕುತ್ತಾರೆ. ನನಗೆ ಬೇಕಾದದ್ದು ಅದಕ್ಕೂ ಮುಂಚಿನ ಈ ಖಾಲಿ ಮಧ್ಯಾಹ್ನ.

ಅಪ್ಪನನ್ನು ಮಣ್ಣು ಮಾಡಿದ ಮರುದಿನ ಅಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಬೇಳೆ ಸಕ್ಕರೆ ಎಲ್ಲ ಕಾಗದದ ಮೇಲೆ ಸುರಿದು, ಡಬ್ಬ ತೊಳೆದು ಬಿಸಿಲಿಗೆ ಇಟ್ಟರು. ಚಿಕ್ಕಮ್ಮ ತಡೆಯಲು ಹೋದರು. ನಮ್ಮ ಅಜ್ಜಿ ‘ಬಿಡು, ತೊಳೆಯಲಿ’ ಎಂದರು. ನನಗೆ ಪವಿತ್ರ ಶನಿವಾರದ ವಿಷಯವಾಗಿ ಗುರುಗಳ ಯಾವ ಪ್ರವಚನವೂ ಅಷ್ಟು ಹೇಳಿಲ್ಲ. ಸಾವು ನಿನ್ನೆ ಆಗಿದೆ, ನಾಳೆ ಏನೋ ಇದೆಯಂತೆ, ಈ ದಿನಕ್ಕೆ ಹೆಸರಿಲ್ಲದ ಕೆಲಸವಿದೆ. ನಂಬುತ್ತೀಯಾ ಎಂದು ಕೇಳಿದರೆ ಭಾನುವಾರಕ್ಕಿಂತ ಶನಿವಾರದ ಉತ್ತರ ನನ್ನಿಂದ ಸಲೀಸಾಗಿ ಬರುತ್ತದೆ.

2026ರ ಆ ಶನಿವಾರ, ಏಪ್ರಿಲ್ 4, ಮೂರು ಗಂಟೆಯ ಸುಮಾರಿಗೆ ಮನೆಗೆ ಬಂದೆ. ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಊರಿಂದ ಬಂದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನನ್ನ ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಮೇಣವನ್ನು ನೋಡಿದರು.

‘ಹಬ್ಬ ನಾಳೆ ತಾನೇ? ಇವತ್ತು ಏನು ನಿಮಗೆ?’

‘ಇವತ್ತು ಏನೂ ಇಲ್ಲ ಅಜ್ಜಿ. ರಾತ್ರಿಯವರೆಗೆ ಕಾಯುವುದು.’

ಅವರು ಗೋಣಿಚೀಲದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, ಇನ್ನೊಂದು ಕಲ್ಲನ್ನು ನನ್ನ ಕಡೆ ತಳ್ಳಿದರು.